ಓದಿದ್ದು ತಿಳಿಯದಿದ್ದರೆ ಇಂಗ್ಲಿಷು ಯಾತಕ್ಕೆ?

ಜೂನ್ ತಿಂಗಳು ಬಂತೆಂದರೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಈ ಮೂರೂ ಊರುಗಳಲ್ಲಿ ಎರಡು ಬಗೆಯ ಜನ ಸಾಲಕ್ಕೆ ಓಡಾಡುತ್ತಾರೆ. ಬಿತ್ತನೆಗೆ ಸಾಲ ಎತ್ತುವ ರೈತ ಒಂದು ಕಡೆ. ಮಕ್ಕಳ ಇಂಗ್ಲಿಷ್ ಶಾಲೆಯ ಫೀಗಾಗಿ ಸಾಲ ಎತ್ತುವ ಗಿರಣಿ ಕಾರ್ಮಿಕ, ಹಮಾಲ, ಕಿರಾಣಿ ಅಂಗಡಿಯವ ಇನ್ನೊಂದು ಕಡೆ. ಮಳೆ ಕೈಕೊಟ್ಟದ್ದು ರೈತನಿಗೆ ಮೂರು ತಿಂಗಳಲ್ಲಿ ತಿಳಿಯುತ್ತದೆ. ಫೀ ಕಟ್ಟಿದವನಿಗೆ ತನ್ನ ಬೆಳೆಯ ಹಣೆಬರಹ ತಿಳಿಯಲು ಹತ್ತು ವರ್ಷ ಬೇಕು. ಅಷ್ಟರಲ್ಲಿ ಮಗ ಇಂಗ್ಲಿಷ್ ಪುಸ್ತಕವನ್ನು ಗಡಗಡನೆ ಓದುತ್ತಿರುತ್ತಾನೆ. ಏನು ಓದಿದೆಯಪ್ಪಾ ಎಂದು ಕೇಳಿದರೆ ಮಾಡು ನೋಡುತ್ತಾನೆ.

ನಾವು ಇಂಗ್ಲಿಷಿನ ವೈರಿಗಳಲ್ಲ. ಲೋಹಿಯಾರವರು ಕಿತ್ತುಹಾಕಬೇಕೆಂದದ್ದು ಕಚೇರಿ ಕೋರ್ಟುಗಳಲ್ಲಿ ಕೂತ ಇಂಗ್ಲಿಷಿನ ದೊರೆತನವನ್ನು, ಪುಸ್ತಕದ ಕಪಾಟಿನಲ್ಲಿರುವ ಇಂಗ್ಲಿಷನ್ನಲ್ಲ. ಆ ದೊರೆತನವಂತೂ ಇನ್ನೂ ಇಳಿದಿಲ್ಲ. ಕೆಲಸಕ್ಕೆ ಸೇರುವ ಹುಡುಗನ ಕೈಗೆ ಬರುವ ನೇಮಕದ ಕಾಗದ, ವಿಮೆಯ ಷರತ್ತುಗಳು, ಸಾಲದ ಕರಾರು, ಸಣ್ಣ ವ್ಯಾಪಾರಿಗೆ ಬರುವ ಜಿ.ಎಸ್.ಟಿ. ನೋಟೀಸು, ಇವು ಬಹುಪಾಲು ಇಂಗ್ಲಿಷಿನಲ್ಲಿಯೇ ಇರುತ್ತವೆ. ರುಜು ಹಾಕುವವ ನಮ್ಮವ, ಓದಿ ಹೇಳುವವ ಮತ್ತೊಬ್ಬ. ಓದಿ ಹೇಳುವವನು ಯಾವ ಸಾಲನ್ನು ಬಿಟ್ಟು ಓದಿದನೆಂಬುದು ರುಜು ಹಾಕಿದವನಿಗೆ ಗೊತ್ತಾಗುವುದಿಲ್ಲ. ಆದಕಾರಣ ಇಂಗ್ಲಿಷನ್ನು ಓದಿ ತಿಳಿಯುವ ಶಕ್ತಿ ದುಡಿಯುವವರ ಮಕ್ಕಳಿಗೆ ಬೇಕೇ ಬೇಕು. ಅದು ಬರುವ ದಾರಿ ಯಾವುದೆಂಬುದಷ್ಟೇ ನಮ್ಮ ಪ್ರಶ್ನೆ.

ಗದ್ಯಭಾಗವನ್ನು ಓದಿ ಕೆಳಗಿನ ಪ್ರಶ್ನೆಗಳಿಗೆ ಉತ್ತರಿಸಿರಿ ಎಂಬ ಅಭ್ಯಾಸ ಎಲ್ಲ ಶಾಲೆಗಳಲ್ಲೂ ಇದೆ, ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲೂ ಇದೆ. ಉದ್ದೇಶ ಒಳ್ಳೆಯದು. ಆದರೆ ನಡೆಯುವುದೇನು? ವಾಚಕರು ತಾವೇ ಪರೀಕ್ಷಿಸಿ ನೋಡಲಿ. ಈ ಸಾಲನ್ನು ಓದಿರಿ: ‘ಗುಂಜಪ್ಪನು ಸಂತೆಯಲ್ಲಿ ಎರಡು ತೊಬಕಿಗಳನ್ನು ಚಿರಮಿಸಿದನು.’ ಚಿರಮಿಸಿದವರು ಯಾರು? ಎಲ್ಲಿ ಚಿರಮಿಸಿದರು? ಎಷ್ಟು ತೊಬಕಿಗಳನ್ನು? ಮೂರಕ್ಕೂ ತಾವು ಸರಿಯುತ್ತರ ಕೊಡಬಲ್ಲಿರಿ. ಮೂರಕ್ಕೆ ಮೂರು ಅಂಕ. ತೊಬಕಿ ಎಂದರೇನು, ಚಿರಮಿಸುವುದೆಂದರೇನು? ಅಂಥ ಶಬ್ದಗಳೇ ಇಲ್ಲ, ನಾವು ಈಗ ಕಟ್ಟಿದವು. ಇನ್ನು ನಾಲ್ಕನೆಯ ಪ್ರಶ್ನೆ: ಚಿರಮಿಸಿದ ಮೇಲೆ ಗುಂಜಪ್ಪನ ಕೈಯಲ್ಲಿ ರೊಕ್ಕ ಹೆಚ್ಚಾಯಿತೋ, ಕಡಿಮೆಯಾಯಿತೋ? ಇಲ್ಲಿಗೆ ನಮ್ಮೆಲ್ಲರ ಜಾಣತನ ನಿಂತುಹೋಗುತ್ತದೆ.

ನಮ್ಮ ಎಷ್ಟೋ ಮಕ್ಕಳು ಇಂಗ್ಲಿಷಿನಲ್ಲಿ ಪಾಸಾಗುವುದು ಮೊದಲಿನ ಮೂರು ಪ್ರಶ್ನೆಗಳ ಬಲದಿಂದ. ಪ್ರಶ್ನೆಯಲ್ಲಿರುವ ಶಬ್ದ ಗದ್ಯದಲ್ಲಿ ಎಲ್ಲಿದೆಯೆಂದು ಕಣ್ಣಿನಿಂದ ಹುಡುಕುವುದು, ಆ ಸಾಲನ್ನು ಎತ್ತಿ ಬರೆಯುವುದು. ಗೈಡುಗಳು ಮಾರಾಟವಾಗುವುದೂ, ಟ್ಯೂಷನ್ ಕ್ಲಾಸುಗಳು ತುಂಬುವುದೂ ಈ ವಿದ್ಯೆಗಾಗಿಯೇ. ದೇಶದ ಹಳ್ಳಿಗಳಲ್ಲಿ 2022ರಲ್ಲಿ ನಡೆದ ಅಸರ್ ಸಮೀಕ್ಷೆಯಲ್ಲಿ ಐದನೆಯ ಇಯತ್ತೆಯ ಮಕ್ಕಳಲ್ಲಿ ಸುಮಾರು ಕಾಲುಭಾಗ ಮಾತ್ರ ಸರಳ ಇಂಗ್ಲಿಷ್ ವಾಕ್ಯಗಳನ್ನು ಓದಿದರು. ಆರು ವರ್ಷ ಹಿಂದೆ, 2016ರಲ್ಲಿ, ಇದ್ದದ್ದೂ ಅಷ್ಟೇ. ಓದಿದವರಲ್ಲೂ ಎಲ್ಲರೂ ಅರ್ಥ ಹೇಳಲಿಲ್ಲ.

ಮಕ್ಕಳಲ್ಲಿ ದೋಷವಿದೆಯೆಂದು ನಾವು ನಂಬುವುದಿಲ್ಲ. ಕನ್ನಡದಲ್ಲಿ ಬರೆದಂತೆ ಓದಿದರೆ ಸಾಕು. ಇಂಗ್ಲಿಷಿನಲ್ಲಿ ಇಪ್ಪತ್ತಾರು ಅಕ್ಷರಗಳು ನಲವತ್ತಕ್ಕೂ ಹೆಚ್ಚು ಧ್ವನಿಗಳನ್ನು ಹೊರಬೇಕು. ಓ, ಯು, ಜಿ, ಎಚ್ ಎಂಬ ಅದೇ ನಾಲ್ಕಕ್ಷರದ ಬಾಲ ಒಂದು ಶಬ್ದದಲ್ಲಿ ಥ್ರೂ ಎನ್ನಿಸುತ್ತದೆ, ಇನ್ನೊಂದರಲ್ಲಿ ದೋ, ಮತ್ತೊಂದರಲ್ಲಿ ಟಫ್. ಇದನ್ನು ದಾಟಿದರೆ ವಾಕ್ಯದ ಗೋಜು. ನಮ್ಮ ಕ್ರಿಯಾಪದ ವಾಕ್ಯದ ಕೊನೆಗೆ ಬಂದು ಕೂಡ್ರುತ್ತದೆ; ಅವರದು ನಡುವೆಯೇ ನಿಲ್ಲುತ್ತದೆ. ನಮ್ಮ ವಿಭಕ್ತಿ ಹೆಸರಿನ ಹಿಂದೆ ಬಂದರೆ ಅವರದು ಮುಂದೆ ಹೋಗುತ್ತದೆ. ಇಲ್ಲ ಎಂಬ ಮಾತು ನಮ್ಮಲ್ಲಿ ಕಡೆಯಲ್ಲಿ ಬಂದು ಎಲ್ಲವನ್ನೂ ತಿರುಗಿಸಿದರೆ, ಅವರಲ್ಲಿ ನಡುವೆ ಸಣ್ಣದಾಗಿ ನುಸುಳಿಬಿಡುತ್ತದೆ. ಅವಸರದಲ್ಲಿ ಓದಿದವನ ಕಣ್ಣಿಗೆ ಬೀಳುವುದೇ ಇಲ್ಲ. ಬಲ್ಲವರು ಲೆಕ್ಕ ಹಾಕಿ ಹೇಳಿರುವುದೇನೆಂದರೆ, ಪರರ ಸಹಾಯವಿಲ್ಲದೆ ಓದಿ ತಿಳಿಯಬೇಕಾದರೆ ಗದ್ಯದ ನೂರು ಶಬ್ದಗಳಲ್ಲಿ 95ರಿಂದ 98 ಶಬ್ದಗಳು ಮೊದಲೇ ಗೊತ್ತಿರಬೇಕು. ನಮ್ಮ ಮಗುವಿಗೆ ಅರ್ಧ ಗೊತ್ತಿರುವ ಗದ್ಯವನ್ನು ಕೊಟ್ಟು, ಓದು ಎಂದರೆ ಅದು ಹುಡುಕಿ ಎತ್ತಿ ಬರೆಯದೆ ಇನ್ನೇನು ಮಾಡೀತು?

ಇದಕ್ಕೆ ಒಂದನೆಯ ಇಯತ್ತೆಯಿಂದಲೇ ಎಲ್ಲ ಪಾಠಗಳನ್ನೂ ಇಂಗ್ಲಿಷಿನಲ್ಲಿ ಕಲಿಸಿದರಾಯಿತು ಎನ್ನುವವರಿದ್ದಾರೆ. ಅವರು ಚೀನಾದ ಕಡೆ ಒಮ್ಮೆ ನೋಡಬೇಕು. ಅಲ್ಲಿಯ ಮಗುವಿಗೆ ತನ್ನ ಭಾಷೆಯ ಸಾವಿರಾರು ಚಿತ್ರಾಕ್ಷರಗಳನ್ನು ಕಲಿಯುವ ಹೊರೆ ಇದೆ. ಇಂಗ್ಲಿಷ್ ನಮಗಿಂತಲೂ ದೂರದ ಭಾಷೆ. ಆದರೂ ಲೆಕ್ಕ, ವಿಜ್ಞಾನ, ಇತಿಹಾಸ ಎಲ್ಲವನ್ನೂ ಸಾಮಾನ್ಯ ಶಾಲೆಗಳಲ್ಲಿ ಚೀನೀ ಭಾಷೆಯಲ್ಲೇ ಕಲಿಸುತ್ತಾರೆ. ಇಂಗ್ಲಿಷನ್ನು ಮೂರನೆಯ ತರಗತಿಯಿಂದ ಒಂದು ಭಾಷೆಯಾಗಿ ಕಲಿಸಬೇಕೆಂದು 2001ರಲ್ಲಿ ಗೊತ್ತುಮಾಡಿದರು. ಕಾಲೇಜು ಪ್ರವೇಶದ ಅವರ ಪರೀಕ್ಷೆಯಲ್ಲಿ ಓದಿ ತಿಳಿಯುವ ಪ್ರಶ್ನೆಗಳಿಗೆ ದೊಡ್ಡ ಪಾಲು ಅಂಕಗಳಿವೆ. ಅಲ್ಲಿಯೂ ಎಲ್ಲ ಚೆನ್ನಾಗಿದೆಯೆಂದಲ್ಲ. ಆ ಅಂಕಗಳ ಬೆನ್ನುಹತ್ತಿ ಟ್ಯೂಷನ್ ವ್ಯಾಪಾರ ಎಷ್ಟು ಬೆಳೆಯಿತೆಂದರೆ, 2021ರ ಜುಲೈನಲ್ಲಿ ಸರಕಾರವೇ ಶಾಲಾ ವಿಷಯಗಳಲ್ಲಿ ಲಾಭದ ಟ್ಯೂಷನ್ನಿಗೆ ತಡೆ ಹಾಕಬೇಕಾಯಿತು. ನಾವು ತಿಳಿಯಬೇಕಾದದ್ದು ಇಷ್ಟು: ಇಂಗ್ಲಿಷ್ ಓದಲು ಬರಬೇಕಾದರೆ ಲೆಕ್ಕವನ್ನೂ ಇಂಗ್ಲಿಷಿನಲ್ಲೇ ಕಲಿಯಬೇಕಾಗಿಲ್ಲ.

ಚೀನಾ ದೂರವಾಯಿತೆನ್ನುವವರಿಗೆ ಸವಣೂರು ಹತ್ತಿರವೇ ಇದೆ. 1909ರಲ್ಲಿ ಅಲ್ಲಿ ಹುಟ್ಟಿದ ವಿ. ಕೃ. ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೊಡಬೇಕೆಂದು 1981ರಲ್ಲಿ ವರದಿ ಬರೆದವರೂ ಅವರೇ. ಆ ವರದಿ ಜಾರಿಯಾಗಬೇಕೆಂದು 1982ರಲ್ಲಿ ಬೀದಿಗಿಳಿದವರಲ್ಲಿ ಮುಂದಾಳಾಗಿದ್ದ ಚಂದ್ರಶೇಖರ ಪಾಟೀಲರು ಅದೇ ಸೀಮೆಯ ಹತ್ತಿಮತ್ತೂರಿನವರು. ಧಾರವಾಡದ ವಿಶ್ವವಿದ್ಯಾಲಯದಲ್ಲಿ ಅವರೂ ಇಂಗ್ಲಿಷನ್ನೇ ಕಲಿಸಿದವರು. ಇಂಗ್ಲಿಷಿನ ಒಳಹೊರಗು ಬಲ್ಲ ಇಬ್ಬರೂ ಮಗುವಿಗೆ ಮೊದಲು ಕನ್ನಡ ಬೇಕೆಂದರು. ಇಂಗ್ಲಿಷ್ ಬಾರದವರು ಅಸೂಯೆಯಿಂದ ಆಡಿದ ಮಾತು ಎಂದು ಅದನ್ನು ತಳ್ಳಿಹಾಕುವ ಹಾಗಿಲ್ಲವಷ್ಟೆ.

ಹಾಗಾದರೆ ಅಭ್ಯಾಸ ಹೇಗಿರಬೇಕು? ದಿನಕ್ಕೆ ಐದಾರು ಸಾಲು ಸಾಕು. ಆದರೆ ಅದು ಮಗು ಬಲ್ಲ ಲೋಕದ್ದಾಗಿರಬೇಕು. ಲಂಡನ್ನಿನ ಮಂಜಿನ ವಿಚಾರ ಆಮೇಲೆ ಓದಲಿ. ಅಪ್ಪ ಹತ್ತು ಚೀಲ ಮೆಣಸಿನಕಾಯಿಯನ್ನು ಬ್ಯಾಡಗಿಗೆ ಒಯ್ದ, ದಾರಿಯಲ್ಲಿ ಮಳೆ ಬಂತು, ತಾಡಪತ್ರಿ ಸಣ್ಣದಿತ್ತು, ಏಳು ಚೀಲಕ್ಕೆ ಒಳ್ಳೆಯ ಧಾರಣೆ ಸಿಕ್ಕಿತು. ಇಷ್ಟನ್ನು ಸರಳ ಇಂಗ್ಲಿಷಿನಲ್ಲಿ ಬರೆದುಕೊಟ್ಟು, ಉಳಿದ ಮೂರು ಚೀಲ ಏನಾದವು ಎಂದು ಮಾಸ್ತರರು ಕೇಳಲಿ. ಎತ್ತಿ ಬರೆಯಲು ಅಲ್ಲಿ ಸಾಲೇ ಇಲ್ಲ. ತೋಯ್ದ ಕಾಯಿಗೆ ಧಾರಣೆ ಬೀಳುತ್ತದೆಂಬುದು ಹಮಾಲರ ಮಗಳಿಗೆ ಗೊತ್ತು. ಆ ತಿಳಿವಳಿಕೆಯನ್ನು ಆ ಐದು ಸಾಲುಗಳಿಗೆ ಕೂಡಿಸಿ ಆಕೆ ಉತ್ತರ ಹೇಳುತ್ತಾಳೆ. ಮೊದಮೊದಲು ಕನ್ನಡದಲ್ಲೇ ಹೇಳಲಿ. ಇಂಗ್ಲಿಷಿನಲ್ಲಿ ಓದಿದ್ದನ್ನು ಕನ್ನಡದಲ್ಲಿ ಹೇಳಿದ ಮಗುವನ್ನು ಗದರಿಸುವ ಮಾಸ್ತರರು, ತಿಳಿದದ್ದನ್ನೇ ಶಿಕ್ಷಿಸುತ್ತಾರೆ.

ಆದರೆ ಮಾಸ್ತರರ ಮೇಲೆ ಎಲ್ಲ ಭಾರ ಹೊರಿಸುವುದು ಅನ್ಯಾಯ. 2007–08ರಿಂದ ಸರಕಾರಿ ಶಾಲೆಗಳಲ್ಲಿ ಒಂದನೆಯ ಇಯತ್ತೆಯಿಂದಲೇ ಇಂಗ್ಲಿಷ್ ಭಾಷೆ ಬಂತು; 2019ರಲ್ಲಿ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳೇ ತೆರೆದವು. ಫಲಕ ಬರೆಸುವುದು ಸುಲಭ. ನಾಲ್ಕು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳುವ ಶಾಲೆಯಲ್ಲಿ ಪ್ರತಿ ಮಗುವನ್ನು ಹತ್ತಿರ ಕೂಡಿಸಿಕೊಂಡು ಓದಿಸುವವರಾರು? ಬೆಂಗಳೂರಿನಲ್ಲಿ 1963ರಿಂದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ಅಲ್ಲಿಯ ತರಬೇತಿ ನಮ್ಮ ಜಿಲ್ಲೆಯ ಎಷ್ಟು ಶಿಕ್ಷಕರಿಗೆ ದೊರೆತಿದೆಯೆಂದು ಪಾಲಕರು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಕೇಳಬೇಕು. ಮಾತೃಭಾಷೆಯ ಮಾಧ್ಯಮವನ್ನು ಖಾಸಗಿ ಶಾಲೆಗಳ ಮೇಲೆ ಹೇರಲಾಗದೆಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪು ಕೊಟ್ಟಿದೆ. ಇನ್ನುಳಿದ ದಾರಿ ಒಂದೇ, ಸರಕಾರಿ ಕನ್ನಡ ಶಾಲೆಯ ಇಂಗ್ಲಿಷ್ ಪಾಠವನ್ನು ಫೀ ಕಟ್ಟುವ ಶಾಲೆಯ ಪಾಠಕ್ಕಿಂತ ಗಟ್ಟಿ ಮಾಡುವುದು.

ಓದಲು ಪುಸ್ತಕವೂ ಬೇಕು. ಒಂದೇ ಪುಟದಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇರುವ ಚಿತ್ರದ ಕಥೆಪುಸ್ತಕಗಳು ಈಗ ಅಗ್ಗದ ಬೆಲೆಗೆ ಸಿಗುತ್ತವೆ. ರೊಕ್ಕ ಎಲ್ಲಿಂದ ಎಂದು ಯಾರೂ ಕೇಳಬೇಕಾಗಿಲ್ಲ. 1965ರ ಗ್ರಂಥಾಲಯ ಕಾಯಿದೆಯ ಪ್ರಕಾರ ಅಂಗಡಿ, ಮನೆಗಳ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರವನ್ನು ನಾವೆಲ್ಲರೂ ಕಟ್ಟುತ್ತಲೇ ಇದ್ದೇವೆ. ವ್ಯಾಪಾರಿ ಬಂಧುಗಳು ತಮ್ಮ ತೆರಿಗೆಯ ಪಾವತಿಯನ್ನು ತೆಗೆದು ನೋಡಲಿ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಪೌರಸಂಸ್ಥೆಗಳು ಹೀಗೆ ವಸೂಲಾದ ಹಣದಲ್ಲಿ ಗ್ರಂಥಾಲಯಕ್ಕೆ ಎಷ್ಟು ಸಂದಾಯ ಮಾಡಿವೆ, ಎಷ್ಟು ಬಾಕಿ ಉಳಿಸಿಕೊಂಡಿವೆ, ಅದರಲ್ಲಿ ಮಕ್ಕಳಿಗೆಂದು ಎಷ್ಟು ಪುಸ್ತಕ ಬಂದಿವೆ ಎಂಬ ಲೆಕ್ಕವನ್ನು ಬರೆದು ಕೊಡುವಂತೆ ನಾವು ಕೇಳುತ್ತೇವೆ.