ಒಂದೇ ಬಾಗಿಲ ಓಣಿ, ನಾಲ್ಕು ಬಾಗಿಲ ಬಸದಿ

ಮುಂದೆ ದಾರಿಯಿಲ್ಲದ ಓಣಿಯನ್ನು ನಗರದ ದೋಷವೆಂದು ಎಣಿಸುವುದು ವಾಡಿಕೆ. ಆದರೆ ಭಾರತದ ಹಳೆಯ ನಗರಗಳಲ್ಲಿ ಅಂಥ ಓಣಿಗಳು ಶತಮಾನಗಳ ಕಾಲ ನೆಮ್ಮದಿಯ ನೆಲೆಗಳಾಗಿದ್ದವು. 1411ರಲ್ಲಿ ಸ್ಥಾಪಿತವಾಗಿ, 2017ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಅಹಮದಾಬಾದಿನ ‘ಪೋಳ್’ಗಳು ಇದಕ್ಕೆ ನಿದರ್ಶನ. ಒಂದು ಹೆಬ್ಬಾಗಿಲು, ಅದರೊಳಗೆ ಕವಲೊಡೆದು, ಯಾರದೋ ಮನೆಯ ಗೋಡೆಯೆದುರು ನಿಂತುಬಿಡುವ ಇಕ್ಕಟ್ಟಾದ ಓಣಿಗಳು. ಹಲವು ಪೋಳ್‌ಗಳಲ್ಲಿ ಜಿನಾಲಯಗಳಿವೆ, ಹಕ್ಕಿಗಳಿಗೆ ಕಾಳು ಹಾಕುವ ಚಬೂತರೋಗಳಿವೆ. ಹಾದುಹೋಗುವ ವಾಹನಗಳ ಕಾಟವಿಲ್ಲದ ಕಡೆ ಓಣಿಯೇ ಮಕ್ಕಳ ಅಂಗಳ, ಹಿರಿಯರ ಜಗಲಿ.

ಪೋಳ್‌ಗಳಿಗೆ ಇನ್ನೊಂದು ಮುಖವೂ ಉಂಟು. ಜಾತಿ, ಮತ, ಕಸುಬುಗಳಿಗನುಗುಣವಾಗಿ ಅವು ಬೇರೆ ಬೇರೆಯಾಗಿಯೇ ಬೆಳೆದವು. ಗಲಭೆಯ ಭಯದಿಂದ ಆಸ್ತಿ ಮಾರಿ ಓಡುವುದನ್ನು ತಡೆಯಲೆಂದು ಗುಜರಾತಿನಲ್ಲಿ 1991ರ ಪ್ರಕ್ಷುಬ್ಧ ಪ್ರದೇಶಗಳ ಕಾಯಿದೆಯಿದೆ. ಅಧಿಸೂಚಿತ ಪ್ರದೇಶಗಳಲ್ಲಿ ಮನೆ ಮಾರಲು ಜಿಲ್ಲಾಧಿಕಾರಿಯ ಅನುಮತಿ ಬೇಕು. ರಕ್ಷಣೆಗೆಂದು ಬಂದ ಕಾನೂನು ನೆರೆಹೊರೆ ಬೆರೆಯುವುದನ್ನೇ ಕಠಿಣಗೊಳಿಸಿತು.

ಮುಂಬಯಿ, ಪುಣೆಗಳ ವಸತಿ ಸಂಕೀರ್ಣಗಳು ಇಂದಿನ ಪೋಳ್‌ಗಳು. ಕಾವಲುಗಾರನಿರುವ ಒಂದೇ ಗೇಟು, ಒಳಗೆ ಕೊನೆಗೊಳ್ಳುವ ರಸ್ತೆ. ಇಷ್ಟರಲ್ಲಿ ಆಕ್ಷೇಪವಿಲ್ಲ. ಆಕ್ಷೇಪವಿರುವುದು ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಷರತ್ತಿನ ಮರೆಯಲ್ಲಿ ಅಡ್ಡಹೆಸರು ಕೇಳಿ ಬಾಡಿಗೆದಾರರನ್ನು ಹಿಂದಿರುಗಿಸುವ ಪದ್ಧತಿಗೆ. ಪಾರ್ಸಿ ವಸತಿ ಸಹಕಾರ ಸಂಘವೊಂದರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಸದಸ್ಯತ್ವವನ್ನು ಒಂದೇ ಸಮುದಾಯಕ್ಕೆ ಸೀಮಿತಗೊಳಿಸುವ ಉಪವಿಧಿಯನ್ನು ಎತ್ತಿಹಿಡಿದದ್ದು ನಿಜ. ಆದರೆ ಕಾನೂನು ಸಹಿಸುವುದೆಲ್ಲ ಧರ್ಮಸಮ್ಮತವಾಗುವುದಿಲ್ಲ.

ಪಕ್ಕದ ಮನೆಯ ಅಡುಗೆಯ ವಾಸನೆ ವ್ರತನಿಷ್ಠ ಹಿರಿಯರಿಗೆ ಸಂಕಟ ತರುತ್ತದೆಂಬ ಮಾತನ್ನು ತಳ್ಳಿಹಾಕಲಾಗದು. ಕಸದ ವಿಲೇವಾರಿ, ಗಾಳಿಯ ಹೊರದಾರಿ, ಹಂಚಿಕೊಂಡ ಜಾಗಗಳ ಶುಚಿತ್ವ ಇವುಗಳಿಗೆ ಎಲ್ಲರಿಗೂ ಸಮನಾದ ನಿಯಮಗಳನ್ನು ಮಾಡಬಹುದು. ಹುಟ್ಟಿನ ಆಧಾರದಲ್ಲಿ ಮನುಷ್ಯನನ್ನು ಬಾಗಿಲಲ್ಲೇ ತಡೆಯುವುದು ಬೇರೆಯೇ ವಿಚಾರ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಶ್ರಾವಕನು ತೊರೆಯಬೇಕಾದ ಎಂಟು ಮದಗಳಲ್ಲಿ ಕುಲಮದ, ಜಾತಿಮದಗಳನ್ನೂ ಎಣಿಸಿದೆ. ತಟ್ಟೆಯಲ್ಲಿ ಅಹಿಂಸೆಯನ್ನು ಪಾಲಿಸುವವರು ಗೇಟಿನಲ್ಲಿ ಈ ಮದಗಳನ್ನು ಪೋಷಿಸುವುದು ಸಲ್ಲದು.

ಮನುಷ್ಯರೊಡನೆ ಪಶುಪಕ್ಷಿಗಳಿಗೂ ಸ್ಥಾನವಿರುವ ಸಮವಸರಣಕ್ಕೆ ದ್ವಾರಗಳಿರುವುದು ನಾಲ್ಕು ದಿಕ್ಕಿಗೆ. 1586ರ ಕಾರ್ಕಳದ ಚತುರ್ಮುಖ ಬಸದಿಯಲ್ಲಿ ಯಾವ ದಿಕ್ಕಿನಿಂದ ಬಂದವರಿಗೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ದರ್ಶನ ಒಂದೇ ತೆರನಾಗಿ ದೊರೆಯುತ್ತದೆ. ಊರು ಬಿಟ್ಟು ಪರನಗರಗಳಲ್ಲಿ ಬಾಡಿಗೆ ಮನೆ ಅರಸಿ, ಅಪರಿಚಿತರ ಔದಾರ್ಯದಿಂದ ನೆಲೆ ಕಂಡ ಕನ್ನಡ ಜೈನ ಕುಟುಂಬಗಳಿಗೆ ಆ ಬಸದಿಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ತಮ್ಮ ಸಂಘದ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಅಂಥ ಷರತ್ತು ಉಪವಿಧಿಯಲ್ಲಿದ್ದರೆ ಅದನ್ನು ತೆಗೆಯುವ ಠರಾವನ್ನು ಮೊದಲು ಮಂಡಿಸಬೇಕಾದವರು ಅವರೇ.