ಆನೆಕಾಲಿನ ಲೆಕ್ಕ ಯಾರ ಖಾತೆಗೆ?

ನಮ್ಮ ಕೂಟದ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ತಿರುವಿ ಹಾಕಿದರೆ ಎರಡು ಸಂಗತಿ ತಪ್ಪದೆ ಸಿಗುತ್ತವೆ. ಒಂದು ಲೋಕಲ್ ಗಾಡಿ, ಇನ್ನೊಂದು ಶೋಷಣೆ. ಲೋಕಲ್ ಗಾಡಿಯ ಬಗ್ಗೆ ಬರೆಯುವವರು ದಿನಾ ಅದರಲ್ಲೇ ನೇತಾಡಿಕೊಂಡು ಬರುತ್ತಾರೆ, ಹಾಗಾಗಿ ಅವರ ಮಾತಿಗೆ ಬೆಲೆಯಿದೆ. ಶೋಷಣೆಯ ಬಗ್ಗೆ ಬರೆಯುವ ಮಿತ್ರರು ಮಾತ್ರ ಆ ಪದವನ್ನು ಎಷ್ಟು ಸಲ ಬಳಸಿದ್ದಾರೆಂದರೆ, ಶೋಷಿತನಿಗೂ ಒಂದು ಮೈ ಇದೆ, ಆ ಮೈಗೆ ಜ್ವರ ಬರುತ್ತದೆ, ಕಾಲು ಊದುತ್ತದೆ ಅನ್ನೋದೇ ಮರೆತುಹೋದಂತಿದೆ. ಆದ್ದರಿಂದ ಈ ಸಲ ನಾನು ಕಾಲಿನ ಬಗ್ಗೆ ಬರೆಯುತ್ತೇನೆ. ಕಾವ್ಯಕ್ಕೆ ಒಗ್ಗುವ ವಿಷಯವಲ್ಲ, ಓದುಗರು ಸಹಿಸಿಕೊಳ್ಳಬೇಕು.

ಆನೆಕಾಲು ರೋಗ. ಮರಾಠಿಯಲ್ಲಿ ಹತ್ತೀರೋಗ ಅನ್ನುತ್ತಾರೆ. "ಅದೆಲ್ಲಾ ಅಜ್ಜನ ಕಾಲದ್ದು ಮಾರಾಯ, ಈಗೆಲ್ಲಿದೆ?" ಎಂದು ಕೇಳುವವರು ಒಂದು ಪಟ್ಟಿ ನೋಡಬೇಕು. ಕರ್ನಾಟಕದಲ್ಲಿ ಈ ರೋಗದ ನೆಲೆ ಎಂದು ಸರಕಾರ ಗುರುತಿಸಿದ ಜಿಲ್ಲೆಗಳಲ್ಲಿ ಕಲಬುರಗಿ, ಯಾದಗಿರಿ, ಬೀದರ, ವಿಜಯಪುರ ಇವೆ. ಕರಾವಳಿಯಲ್ಲಿ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಇವೆ. ಮಹಾರಾಷ್ಟ್ರದ ಪಟ್ಟಿಯಲ್ಲಿ ಸೊಲ್ಲಾಪುರ, ಲಾತೂರ, ನಾಂದೇಡಗಳ ಜೊತೆಗೆ ನಮ್ಮ ಥಾಣೆಯೂ ಇದೆ, 2014ರಲ್ಲಿ ಅದರಿಂದ ಒಡೆದು ಬೇರೆಯಾದ ಪಾಲ್ಘರ್ ಕೂಡ ಇದೆ. ಈಗ ನಮ್ಮ ಕನ್ನಡ ತರಗತಿಯ ಹಾಜರಿ ಪುಸ್ತಕ ತೆಗೆದು, ಪ್ರತಿಯೊಬ್ಬರ ಹೆಸರಿನ ಮುಂದೆ ಅಪ್ಪನ ಊರು ಬರೆಯಿರಿ. ಎರಡು ಪಟ್ಟಿಗಳ ನಡುವೆ ಹೆಚ್ಚು ವ್ಯತ್ಯಾಸ ಸಿಗಲಾರದು. ಡೊಂಬಿವಲಿ, ಕಲ್ಯಾಣದ ಹೊಟೇಲುಗಳಿಗೆ ಕರಾವಳಿಯಿಂದ ಬಂದವರು, ನವಿ ಮುಂಬಯಿಯ ಕಲ್ಲು, ಸಿಮೆಂಟಿನ ಕೆಲಸಕ್ಕೆ ಕಲಬುರಗಿ, ವಿಜಯಪುರದಿಂದ ಬಂದವರು, ಎಲ್ಲರೂ ಒಂದು ರೋಗದ ಸೀಮೆಯಿಂದ ಹೊರಟು ಅದೇ ರೋಗದ ಇನ್ನೊಂದು ಸೀಮೆಗೆ ಬಂದಿಳಿದಿದ್ದೇವೆ.

ರೋಗದ ಕಾರಣ ಒಂದು ಹುಳ. ದಾರದಂತೆ ತೆಳ್ಳಗಿರುತ್ತದೆ, ದುಗ್ಧರಸದ ನಾಳಗಳಲ್ಲಿ ಗೂಡು ಮಾಡಿಕೊಂಡು ಐದಾರು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬದುಕುತ್ತದೆ, ಲಕ್ಷಾಂತರ ಮರಿ ಹಾಕುತ್ತದೆ. ಆ ಮರಿಗಳು ಹಗಲಲ್ಲಿ ಶ್ವಾಸಕೋಶದ ನಾಳಗಳಲ್ಲಿ ಅಡಗಿದ್ದು, ರಾತ್ರಿಯಾದಾಗ ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ. ಅವನ್ನು ಒಯ್ಯುವ ಕ್ಯೂಲೆಕ್ಸ್ ಸೊಳ್ಳೆಯೂ ರಾತ್ರಿಯೇ ಕಚ್ಚುತ್ತದೆ. 1877ರಲ್ಲಿ ಚೀನಾದ ಅಮೋಯ್ ಬಂದರಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯ, ಈ ಮರಿಗಳು ಸೊಳ್ಳೆಯ ಹೊಟ್ಟೆ ಸೇರಿ ಅಲ್ಲಿ ಬೆಳೆಯುತ್ತವೆಂದು ಕಂಡುಕೊಂಡ. ಒಂದೆರಡು ಕಡಿತದಿಂದ ಈ ರೋಗ ಬರುವುದಿಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಚ್ಚಿಸಿಕೊಳ್ಳಬೇಕು. ಅಂದರೆ ಗಟಾರದ ಪಕ್ಕದಲ್ಲಿ ವರ್ಷಗಟ್ಟಲೆ ಮಲಗಬೇಕು. ಡೆಂಗ್ಯೂವಿನ ಸೊಳ್ಳೆ ತಿಳಿನೀರಿನಲ್ಲಿ ಹುಟ್ಟುತ್ತದೆ, ಬಂಗಲೆಯ ಹೂಕುಂಡದಲ್ಲೂ ಹುಟ್ಟುತ್ತದೆ, ಹಾಗಾಗಿ ಅದರ ಮೇಲೆ ಎಲ್ಲರಿಗೂ ಸಿಟ್ಟಿದೆ. ಕ್ಯೂಲೆಕ್ಸ್ ಹುಟ್ಟುವುದು ಕೊಳಚೆ ನಾಲೆಯಲ್ಲಿ, ಚಾಳಿನ ಹಿಂದಿನ ಮಲದ ಗುಂಡಿಯಲ್ಲಿ. ಅದರ ಮೇಲೆ ಸಿಟ್ಟು ಮಾಡುವವರು ಕಡಿಮೆ.

ಹುಳ ಹೊಕ್ಕು ಎಷ್ಟೋ ವರ್ಷದ ಮೇಲೆ ಕಾಲು ಊದುತ್ತದೆ. ಗಂಡಸರಿಗೆ ವೃಷಣದಲ್ಲಿ ನೀರು ತುಂಬುತ್ತದೆ, ಲೋಕದ ಲೆಕ್ಕದಲ್ಲಿ ಆನೆಕಾಲಿಗಿಂತ ಇದೇ ಹೆಚ್ಚು. ಊದಿದ ಕಾಲಿನ ಬೆರಳ ಸಂದಿಯಲ್ಲಿ ಸಣ್ಣ ಬಿರುಕು ಬಿಟ್ಟರೂ ಸಾಕು, ಬ್ಯಾಕ್ಟೀರಿಯಾ ಒಳಹೊಕ್ಕು ನಡುಕದ ಜ್ವರ ತರುತ್ತದೆ. ಮನುಷ್ಯ ಮೂರೋ ನಾಲ್ಕೋ ದಿನ ಮಲಗಿಬಿಡುತ್ತಾನೆ. ಎದ್ದಾಗ ಕಾಲು ಮೊದಲಿಗಿಂತ ಒಂದು ಸುತ್ತು ದಪ್ಪ. ಇದು ವರ್ಷದಲ್ಲಿ ಹಲವು ಸಲ ಮರುಕಳಿಸುತ್ತದೆ.

ಇಲ್ಲಿಂದ ದುಡ್ಡಿನ ಮಾತು. ದಿನಗೂಲಿ 600 ರೂಪಾಯಿ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ನಾಲ್ಕು ಸಲ ಜ್ವರ, ಸಲಕ್ಕೆ ನಾಲ್ಕು ದಿನ ಅಂದರೆ 16 ದಿನದ ಕೂಲಿ, 9,600 ರೂಪಾಯಿ ಹೋಯಿತು. ಡಾಕ್ಟರ ಫೀ, ಸೂಜಿ, ಆಟೋ ಬೇರೆ. ನೋಡಿಕೊಳ್ಳಲು ಹೆಂಡತಿ ಮನೆಯಲ್ಲುಳಿದರೆ ಅವಳ ಧುಣೀ-ಭಾಂಡೀ ಕೆಲಸದ ಪಗಾರಕ್ಕೂ ಕತ್ತರಿ. ಜ್ವರವಿಲ್ಲದ ದಿನವೂ ಭಾರದ ಕಾಲಿನವನು ಏಣಿ ಹತ್ತಲಾರ. ಮೇಸ್ತ್ರಿ ಅವನನ್ನು ಕಡಿಮೆ ಕೂಲಿಯ ಕೆಲಸಕ್ಕೆ ಹಾಕುತ್ತಾನೆ, ಆಮೇಲೆ ನಾಕಾದಲ್ಲಿ ನಿಂತವನನ್ನು ಯಾರೂ ಕರೆಯುವುದೇ ಇಲ್ಲ. ಈ ಲೆಕ್ಕವನ್ನು ದೇಶದ ಅಳತೆಯಲ್ಲಿ ಮಾಡಿದವರೂ ಇದ್ದಾರೆ. ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದ ಕೆ.ಡಿ. ರಾಮಯ್ಯ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ಚಿಕಿತ್ಸೆಯ ಖರ್ಚು ಮತ್ತು ಕಳೆದುಹೋದ ದುಡಿಮೆ ಸೇರಿ ಭಾರತಕ್ಕೆ ವರ್ಷಕ್ಕೆ ಸುಮಾರು 84 ಕೋಟಿ ಡಾಲರ್ ನಷ್ಟ. ಅದರ ದೊಡ್ಡ ಪಾಲು ಕಳೆದ ದುಡಿಮೆಯದು. ಬಜೆಟ್ಟಿನಲ್ಲಿ ಕಾಣದ ಈ ಮೊತ್ತವನ್ನು ಬಡವರು ತಮ್ಮ ಕಿಸೆಯಿಂದ ತುಂಬುತ್ತಾ ಬಂದಿದ್ದಾರೆ.

ಇದಕ್ಕೆ ನಾಚಿಕೆಯ ತೆರಿಗೆ ಬೇರೆ. ನಮ್ಮ ಚಾಳಿನಲ್ಲಿ ಕಲಬುರಗಿ ಕಡೆಯ ಮುದುಕರೊಬ್ಬರಿದ್ದರು. ಬೇಸಗೆಯಲ್ಲೂ ಕಾಲಿಗೆ ಬಟ್ಟೆ ಸುತ್ತಿಕೊಂಡೇ ಕೂಡುತ್ತಿದ್ದರು. ಕೇಳಿದರೆ "ಏನಿಲ್ಲ ತಮ್ಮಾ, ಜರಾ ಬಾವು ಬಂದದ" ಅಂತ ಹೇಳಿ ಮಾತು ತಿರುಗಿಸುತ್ತಿದ್ದರು. ಮಗಳಿಗೆ ವರ ನೋಡುವ ಹೊತ್ತಿನಲ್ಲಿ ಅವರು ಊರಿಗೆ ಹೋಗಲಿಲ್ಲ, ಕಾಲು ಕಂಡರೆ ಸಂಬಂಧ ಮುರಿದೀತು ಎಂಬ ಭಯ. ಈ ರೋಗ ವಂಶದಿಂದ ಬರುವುದಿಲ್ಲ, ಮುಟ್ಟಿದರೆ ಅಂಟುವುದಿಲ್ಲ, ಪಾಪದ ಫಲವೂ ಅಲ್ಲ. ಇಷ್ಟನ್ನು ಅವರಿಗೆ ಅವರ ಮಾತಿನಲ್ಲೇ ಯಾರೂ ಹೇಳಿದ್ದಿಲ್ಲ.

ಹಾಗಾದರೆ ಸರಕಾರ ಏನೂ ಮಾಡಿಲ್ಲವೇ? ಮಾಡಿದೆ. ರಾಷ್ಟ್ರೀಯ ಫೈಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 1955ರಲ್ಲಿ. 2004ರಿಂದ ರೋಗದ ಜಿಲ್ಲೆಗಳಲ್ಲಿ ವರ್ಷಕ್ಕೊಮ್ಮೆ ಎಲ್ಲರಿಗೂ ಪುಕ್ಕಟೆ ಡಿಇಸಿ ಮಾತ್ರೆ, ಆಮೇಲೆ ಅದರ ಜೊತೆ ಅಲ್ಬೆಂಡಜೋಲ್. 2018ರಿಂದೀಚೆಗೆ ಹಲವು ಜಿಲ್ಲೆಗಳಲ್ಲಿ ಐವರ್ಮೆಕ್ಟಿನ್ ಕೂಡ ಸೇರಿ ಮೂರು ಮಾತ್ರೆ. ಈ ಮೂರರ ಜೋಡಿ ಸುರಕ್ಷಿತವೇ ಎಂದು ಭಾರತದಲ್ಲಿ ಪರೀಕ್ಷಿಸಿದ್ದು ನಮ್ಮ ಯಾದಗಿರಿ ಜಿಲ್ಲೆಯ ಹಳ್ಳಿಗಳಲ್ಲಿ. ಆದರೆ ಗಡುವು ಮಾತ್ರ ಓಡುತ್ತಲೇ ಇದೆ. 2002ರ ಆರೋಗ್ಯ ನೀತಿ 2015ಕ್ಕೆ ರೋಗ ನಿರ್ಮೂಲ ಅಂದಿತು. ಅದು ಮುಂದೆ ಮುಂದೆ ಹೋಗುತ್ತಾ ಈಗ 2027ಕ್ಕೆ ಬಂದು ನಿಂತಿದೆ. ಇತ್ತ ಚೀನಾ ಅಡುಗೆ ಉಪ್ಪಿನಲ್ಲೇ ಔಷಧ ಬೆರೆಸಿ ಜನರಿಗೆ ಕೊಟ್ಟು 2007ರಲ್ಲಿ ಗೆದ್ದಿತು, ಶ್ರೀಲಂಕಾ 2016ರಲ್ಲಿ, ಬಾಂಗ್ಲಾದೇಶ 2023ರಲ್ಲಿ.

ನಮ್ಮಲ್ಲಿ ಮಾತ್ರೆ ಹಂಚುವುದಾಗುತ್ತದೆ, ನುಂಗುವುದಾಗುವುದಿಲ್ಲ. ಗಟ್ಟಿಮುಟ್ಟಾದವನಿಗೆ "ತಗೋ, ನುಂಗು" ಅಂದರೆ "ನನಗೇನಾಗಿದೆ?" ಅನ್ನುತ್ತಾನೆ. ನುಂಗಿದವರಲ್ಲಿ ಕೆಲವರಿಗೆ ತಲೆನೋವು, ಜ್ವರ ಬರುತ್ತದೆ. ಬಹುಮಟ್ಟಿಗೆ ಅದು ಒಳಗಿನ ಹುಳ ಸಾಯುವಾಗಿನ ಗದ್ದಲ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಗಲ್ಲಿಯಲ್ಲಿ ಹಬ್ಬುವ ಸುದ್ದಿಯೇ ಬೇರೆ: "ಮಾತ್ರೆಯಿಂದ ರೋಗ ಬಂತು."

ವಲಸೆಯವರ ಕಥೆ ಇನ್ನೂ ವಿಚಿತ್ರ. ಕಲಬುರಗಿಯಲ್ಲಿ ಮಾತ್ರೆ ಹಂಚುವಾಗ ಅವನು ಇಲ್ಲಿ ಸ್ಲ್ಯಾಬ್ ಹಾಕುತ್ತಿರುತ್ತಾನೆ. ಇಲ್ಲಿ ಹಂಚುವ ಹೊತ್ತಿಗೆ ಜೋಪಡಿಗೆ ಬೀಗ, ಅಥವಾ ಹಬ್ಬಕ್ಕೆಂದು ಊರಿಗೆ ಹೋಗಿರುತ್ತಾನೆ. ರಾತ್ರಿ ರಕ್ತ ತಪಾಸಣೆಗೆ ಬಂದರೆ ಹೊಟೇಲ್ ಹುಡುಗ ಇನ್ನೂ ಟೇಬಲ್ ಒರೆಸುತ್ತಿರುತ್ತಾನೆ, ವಾಚ್‌ಮನ್ ಗೇಟಿನಲ್ಲಿರುತ್ತಾನೆ. ಹೀಗೆ ಎರಡು ರಾಜ್ಯದ ರಿಜಿಸ್ಟರುಗಳ ನಡುವಿನ ಸಂದಿಯಲ್ಲಿ ಅವನು ಬಿದ್ದುಹೋಗುತ್ತಾನೆ. ಹುಳಕ್ಕೆ ರಾಜ್ಯದ ಗಡಿ ಗೊತ್ತಿಲ್ಲ. ಹೀಗೆ ತಪ್ಪಿಸಿಕೊಂಡ ಕೆಲವರ ರಕ್ತ ಸಾಕು, ಸುತ್ತಲಿನ ಸೊಳ್ಳೆಗಳಿಗೆ ಮತ್ತೆ ಕೆಲಸ ಸಿಗುತ್ತದೆ.

ಈ ಸಂದಿಯಲ್ಲಿ ನಿಲ್ಲಬಲ್ಲವರು ಯಾರು? ಮರಾಠಿಯೂ ಬರುವ, ಕನ್ನಡವೂ ಬರುವ, ಸಂಜೆ ಸಮಯವೂ ಇರುವ ಜನ. ಅಂದರೆ ಸ್ವಾಮೀ, ನಾವೇ. ಆರೋಗ್ಯ ಸೇವಕಿ ಮರಾಠಿಯಲ್ಲಿ ಹೇಳಿದ್ದನ್ನು ಕಲಬುರಗಿಯ ಕನ್ನಡದಲ್ಲೋ ತುಳುವಿನಲ್ಲೋ ಹೇಳಲು ಎಂ.ಬಿ.ಬಿ.ಎಸ್. ಬೇಕಾಗಿಲ್ಲ. ಹಂಚಿಕೆ ನಡೆಯುವ ಕಡೆ ನಮ್ಮವರ ಜೋಪಡಿ, ಹೊಟೇಲುಗಳಿಗೆ ಅವರು ಇರುವ ಹೊತ್ತಿನಲ್ಲಿ ಜೊತೆಗೆ ಹೋಗೋಣ. ಊಟವಾದ ಮೇಲೆ ನುಂಗಬೇಕು, ಎದುರಿಗೇ ನುಂಗಬೇಕು, ಎರಡು ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ, ತೀರಾ ಕಾಯಿಲೆಯವರಿಗೆ ಕೊಡಬಾರದು ಎಂಬುದನ್ನು ತಿಳಿಸಿ ಹೇಳೋಣ. ಚಾಳಿನ ಮಲದ ಗುಂಡಿಯ ಗಾಳಿಕೊಳವೆಯ ಬಾಯಿಗೆ ಜಾಳಿಗೆ ಕಟ್ಟಿಸೋಣ, ಖರ್ಚು ಚಹಾದ ದುಡ್ಡಿನಷ್ಟು.

ಈಗಾಗಲೇ ಕಾಲು ಊದಿದವರಿಗೂ ಹೇಳುವುದಿದೆ. ದಿನಾ ಸೋಪು ನೀರಿನಲ್ಲಿ ತೊಳೆದು, ಬೆರಳ ಸಂದಿ ಒಣಗಿಸಿ, ಗಾಯಕ್ಕೆ ಮುಲಾಮು ಹಚ್ಚಿ, ಮಲಗುವಾಗ ಕಾಲು ಎತ್ತರಕ್ಕಿಟ್ಟರೆ ಜ್ವರದ ಸಲಗಳು ಕಡಿಮೆಯಾಗುತ್ತವೆ. ಅಂದರೆ ಕೂಲಿಯ ದಿನಗಳು ಉಳಿಯುತ್ತವೆ. ವೃಷಣದ ನೀರಿಗೆ ಶಸ್ತ್ರಚಿಕಿತ್ಸೆ ಇದೆ. ನಮ್ಮ ಕಾಸರಗೋಡಿನಲ್ಲಿ ಡಾ. ಎಸ್.ಆರ್. ನರಹರಿಯವರ ಅನ್ವಯಿಕ ಚರ್ಮರೋಗ ಸಂಸ್ಥೆ ಇಂಥ ತೊಳೆಯುವಿಕೆಗೆ ಆಯುರ್ವೇದ, ಯೋಗಗಳನ್ನು ಸೇರಿಸಿ ಚಿಕಿತ್ಸಾ ಕ್ರಮವೊಂದನ್ನು ರೂಪಿಸಿದೆ, ಅದನ್ನು ಕಲಬುರಗಿ ಜಿಲ್ಲೆಯ ಹಳ್ಳಿಗಳಿಗೂ ಒಯ್ದಿದೆ. ಗಡಿನಾಡಿನಿಂದ ಅಲ್ಲಿಗೆ ಹೋಗಬಹುದಾದರೆ ಡೊಂಬಿವಲಿಯ ಪೂರ್ವದಿಂದ ಪಶ್ಚಿಮಕ್ಕೆ ನಾವು ಹೋಗಲಾರೆವೇ?

ಮುಂದಿನ ಸಂಚಿಕೆಗೆ ಶೋಷಣೆಯ ಕವಿತೆ ಬರೆಯುವವರು ಬರೆಯಲಿ, ನನ್ನದೇನೂ ತಕರಾರಿಲ್ಲ. ಅದಕ್ಕೆ ಮೊದಲು ಎರಡು ಸಂಜೆ ಬಿಡುವು ಮಾಡಿಕೊಳ್ಳಬೇಕೆಂದು ಕೇಳುತ್ತೇನೆ. ಬರುವವರ ಹೆಸರು ಬರೆದುಕೊಳ್ಳಲು ಕೂಟದ ಹಾಜರಿ ಪುಸ್ತಕದ ಕೊನೆಯ ಪುಟವನ್ನು ಖಾಲಿ ಬಿಟ್ಟಿದ್ದೇವೆ.