ಹಾಸನಕ್ಕೊಂದು ನಕ್ಷೆಮನೆ ಬೇಕೆ?

ಹಾಸನ ಜಿಲ್ಲೆಯ ವನಗೂರು ಕೂಡುರಸ್ತೆಯ ಆಸುಪಾಸಿನ ಕಾಫಿ ತೋಟವನ್ನು ಉಪಗ್ರಹದ ಚಿತ್ರದಲ್ಲಿ ನೋಡಿದರೆ ಕಾಣುವುದು ಬರೀ ಹಸಿರು. ಹಲಸು, ಅತ್ತಿ, ನಂದಿ ಮರಗಳ ನೆರಳಲ್ಲಿ ಕಾಫಿ ಗಿಡವಿದೆಯೋ, ಮೀಸಲು ಅರಣ್ಯದ ಪೊದೆಯಿದೆಯೋ ಮೇಲಿನಿಂದ ಹೇಳುವುದು ಕಷ್ಟ. ಪಶ್ಚಿಮಘಟ್ಟದ ಬಗ್ಗೆ ಕಸ್ತೂರಿರಂಗನ್ ಸಮಿತಿ 2013ರಲ್ಲಿ ವರದಿ ಕೊಟ್ಟಾಗ ಮಲೆನಾಡಿನಲ್ಲಿ ಎದ್ದ ದೊಡ್ಡ ತಕರಾರುಗಳಲ್ಲಿ ಇದೂ ಒಂದು. 24 ಮೀಟರ್ ಸ್ಪಷ್ಟತೆಯ ಚಿತ್ರ ಇಟ್ಟುಕೊಂಡು, ಇಡೀ ಗ್ರಾಮವನ್ನೇ ಒಂದು ಘಟಕವೆಂದು ಎಣಿಸಿ ಗೆರೆ ಎಳೆದಿದ್ದಾರೆ, ನೆಲಕ್ಕಿಳಿದು ನೋಡಲಿಲ್ಲ ಎಂಬುದು ಬೆಳೆಗಾರರ ದೂರು. ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯನ್ನು ಕೇಂದ್ರ ಸರ್ಕಾರ 2024ರ ಜುಲೈನಲ್ಲಿ ಮತ್ತೆ ಹೊರಡಿಸಿತು. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಕಸ್ತೂರಿರಂಗನ್ ವರದಿಯನ್ನೇ ತಿರಸ್ಕರಿಸಿತು. ಒಂದು ದಶಕಕ್ಕೂ ಹೆಚ್ಚು ಕಾಲ ನಡೆದಿರುವ ಈ ಜಗಳ ಮೂಲದಲ್ಲಿ ನಕ್ಷೆಯ ಜಗಳ. ಹಳೆಯ ನಕ್ಷೆ, ಹೊಸ ನಕ್ಷೆ, ಕಂದಾಯದ ನಕ್ಷೆ, ಅರಣ್ಯದ ನಕ್ಷೆ ಇವನ್ನೆಲ್ಲ ಒಂದೇ ಮೇಜಿನ ಮೇಲೆ ಹರಡಿ ನೋಡುವ ಅವಕಾಶ ಈ ಬೆಟ್ಟಗಳ ಎಷ್ಟು ಜನರಿಗೆ ಸಿಕ್ಕಿದೆ?

ಹಾಸನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅಂಥದ್ದೊಂದು ನಕ್ಷೆ ಸಂಗ್ರಹ ಕಟ್ಟಬೇಕೆ ಎಂದು ಕೇಳಿದರೆ ನನ್ನ ಉತ್ತರ ಹೌದು. ಆದರೆ ಬೇಡ ಎನ್ನುವವರ ಮಾತು ಬಲವಾದದ್ದು. ಅದನ್ನು ಪೂರ್ತಿ ಕೇಳಿಸಿಕೊಳ್ಳದೆ ಹೌದು ಎಂದರೆ ಕಡೆಗೆ ಉಳಿಯುವುದು ಗೆದ್ದಲು ಹಿಡಿದ ಒಂದು ಕೋಣೆ.

ಅವರ ಮೊದಲ ಮಾತು, ನಕ್ಷೆ ಈಗ ಎಲ್ಲರ ಜೇಬಿನಲ್ಲಿದೆ ಎಂಬುದು. ಮೊಬೈಲಿನ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಇಸ್ರೋದ ಭುವನ್ 2009ರಿಂದ ಇದೆ. ಸರ್ವೆ ಆಫ್ ಇಂಡಿಯಾ 2017ರಲ್ಲಿ ತನ್ನ ಮುಕ್ತ ಸರಣಿಯ ನಕ್ಷೆಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಕೊಡಲು ಶುರುಮಾಡಿತು. ಕೇಂದ್ರ ಸರ್ಕಾರದ 2021ರ ಫೆಬ್ರುವರಿಯ ಮಾರ್ಗಸೂಚಿ ನಕ್ಷೆ ತಯಾರಿಕೆಯ ಮೇಲಿದ್ದ ಹಳೆಯ ಅನುಮತಿಗಳ ಬೇಲಿಯನ್ನು ಬಹುಪಾಲು ಕಿತ್ತುಹಾಕಿತು. ಹೀಗಿರುವಾಗ ಕಾಗದಕ್ಕೆ ಹಣ ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ.

ಎರಡನೆಯದು ಇನ್ನೂ ಗಟ್ಟಿ. ನಕ್ಷೆಯನ್ನು ಪುಸ್ತಕದ ಹಾಗೆ ಕಪಾಟಿನಲ್ಲಿ ನಿಲ್ಲಿಸಲಾಗದು. ಮಡಿಸಿದರೆ ಮಡಿಕೆಯಲ್ಲೇ ಹರಿಯುತ್ತದೆ, ಸುತ್ತಿಟ್ಟರೆ ಬಿಚ್ಚುವಾಗ ಬಿರಿಯುತ್ತದೆ. ಅಗಲವಾದ, ಆಳವಿಲ್ಲದ ಉಕ್ಕಿನ ಡ್ರಾಯರುಗಳಲ್ಲಿ, ಆಮ್ಲವಿಲ್ಲದ ಕಾಗದದ ಹೊದಿಕೆಯೊಳಗೆ ಮಲಗಿಸಿ ಇಡಬೇಕು. ಗಾಳಿಯ ತೇವಾಂಶ ಶೇಕಡಾ 65 ದಾಟಿದರೆ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಈ ಜಿಲ್ಲೆಯ ಮಲೆನಾಡ ಮಗ್ಗುಲಿನಲ್ಲಿ ಅದು ದಾಟದ ದಿನವೇ ಅಪರೂಪ. ಕಾಪಾಡುವ ಆಸೆಯಿಂದ ಪ್ಲಾಸ್ಟಿಕ್ ಲ್ಯಾಮಿನೇಷನ್ ಮಾಡಿಸಿದರೆ ಅದು ಕಾಗದವನ್ನು ಒಳಗೊಳಗೇ ಕೆಡಿಸುತ್ತದೆ, ಮತ್ತೆ ಬಿಡಿಸಲೂ ಆಗುವುದಿಲ್ಲ. ಇದಕ್ಕೆಲ್ಲ ಬೇಕಾದದ್ದು ನಕ್ಷೆ ತಿಳಿದ ಒಬ್ಬ ಮನುಷ್ಯ. ಹಾಳೆಯ ಅಳತೆಪ್ರಮಾಣ, ಪ್ರಕ್ಷೇಪ, ಅಕ್ಷಾಂಶ, ಸರ್ವೆ ನಡೆದ ವರ್ಷ, ಅಚ್ಚಾದ ವರ್ಷ ಇಷ್ಟನ್ನೂ ಸೂಚಿಯಲ್ಲಿ ದಾಖಲಿಸಿದರೆ ಮಾತ್ರ ಮುಂದೆ ಯಾರಿಗಾದರೂ ಅದು ಸಿಕ್ಕೀತು.

ಇನ್ನು ವಿಶ್ವವಿದ್ಯಾಲಯದ ಸ್ಥಿತಿಯನ್ನು ನೋಡಿ. ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಹೇಮಗಂಗೋತ್ರಿಯಲ್ಲಿ ಹಾಸನ ವಿಶ್ವವಿದ್ಯಾಲಯ ಉದ್ಘಾಟನೆಯಾದದ್ದು 2023ರಲ್ಲಿ. ಎರಡೇ ವರ್ಷಕ್ಕೆ, 2025ರ ಫೆಬ್ರುವರಿಯಲ್ಲಿ, ಸಂಪುಟ ಉಪಸಮಿತಿ ಮುಚ್ಚಬಹುದೆಂದ ಒಂಬತ್ತು ಹೊಸ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಇದರ ಹೆಸರೂ ಬಂತು. ತನ್ನ ನಾಳೆಯೇ ಚರ್ಚೆಯಲ್ಲಿರುವ ಸಂಸ್ಥೆ ನೂರು ವರ್ಷದ ಜವಾಬ್ದಾರಿ ಹೊರಬೇಕೆ? ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ ಇದೇ.

ಆದರೂ ಹೌದು ಎನ್ನಲು ಕಾರಣವಿದೆ. ಜೇಬಿನ ನಕ್ಷೆಗೆ ಇಂದಿನದು ಮಾತ್ರ ಗೊತ್ತು. ಹೊಸ ಗೆರೆ ಬಂದ ದಿನ ಹಳೆಯದು ಸದ್ದಿಲ್ಲದೆ ಅಳಿಸಿಹೋಗುತ್ತದೆ. ಗೊರೂರಿನ ಹೇಮಾವತಿ ಅಣೆಕಟ್ಟೆ 1979ರಲ್ಲಿ ಮುಗಿಯಿತು. ಹಿನ್ನೀರಿನಡಿ ಹೋದ ಊರು, ಕೆರೆ, ಗದ್ದೆಗಳ ಜಾಗದಲ್ಲಿ ಮೊಬೈಲು ತೋರಿಸುವುದು ನೀಲಿ ಬಣ್ಣವನ್ನು. ಅಲ್ಲಿ ಮುಳುಗಡೆಯಾದವರಿಗೆ ಸಕಲೇಶಪುರದ ಬೆಟ್ಟಗಳಲ್ಲೂ ಜಮೀನು ಗುರುತಾಯಿತು, ಅದರ ತಕರಾರುಗಳು ಇವತ್ತಿಗೂ ಜೀವಂತ. ಕಳೆದುಕೊಂಡ ಊರು ಎಲ್ಲಿತ್ತು, ಕೊಟ್ಟ ಜಮೀನು ಆಗ ಗೋಮಾಳವಾಗಿತ್ತೋ ಕಾಡಾಗಿತ್ತೋ ಎಂದು ಮೊಮ್ಮಗ ಕೇಳಿದರೆ ತೋರಿಸಲು ಅಣೆಕಟ್ಟೆಗೆ ಮುಂಚಿನ ಹಾಳೆಯೇ ಬೇಕು.

ಹಳೆಯ ಮೈಸೂರು ಸೀಮೆಯ ಗ್ರಾಮ ನಕಾಶೆ ನಿಜಕ್ಕೂ ದೊಡ್ಡ ಕೆಲಸ. ಮೈಲಿಗೆ ಎಂಟು ಅಂಗುಲದ ಪ್ರಮಾಣ, ಅಂದರೆ 1:7,920. ಅದರಲ್ಲಿ ಒಂದು ಅಂಗುಲ 660 ಅಡಿ, ಒಂದು ಚದರ ಅಂಗುಲ ಸರಿಯಾಗಿ ಹತ್ತು ಎಕರೆ. 33 ಅಡಿಯ ಸರಪಳಿ ಹಿಡಿದು ಇಳಿಜಾರು ಹತ್ತಿಳಿದವರ ಶ್ರಮ ಪ್ರತಿ ಸರ್ವೆ ನಂಬರಿನ ಗೆರೆಯಲ್ಲಿದೆ. ಅದರ ಪಕ್ಕ ಸರ್ವೆ ಆಫ್ ಇಂಡಿಯಾದ ಟೋಪೋಶೀಟು, 48 ಪಿ/13 ಹಾಳೆ ಇಡಿ. ಸಕಲೇಶಪುರ ಪೇಟೆ ಇರುವ, ಕಾಲು ಡಿಗ್ರಿ ಉದ್ದ ಕಾಲು ಡಿಗ್ರಿ ಅಗಲದ ಹಾಳೆ ಅದು; ಒಂದು ಸೆಂಟಿಮೀಟರಿಗೆ ಅರ್ಧ ಕಿಲೋಮೀಟರ್. ಜೊತೆಗೆ ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್ ಕರ್ನಾಟಕ ಅರಣ್ಯ ಇಲಾಖೆಯೊಡನೆ ತಂದ ಸಸ್ಯವರ್ಗದ ನಕ್ಷೆಗಳು. ಮಡಿಕೇರಿ–ಮೈಸೂರು ಹಾಳೆ 1982ರದು. ಕಂದಾಯದ ಗೆರೆ, ಬೆಟ್ಟದ ಎತ್ತರದ ಗೆರೆ, ಕಾಡಿನ ಬಗೆ ಈ ಮೂರನ್ನೂ ಒಟ್ಟಿಗೆ ಓದಬಲ್ಲವನಿಗೆ ತೋಟ ಯಾವುದು ಕಾಡು ಯಾವುದು ಎಂಬ ಪ್ರಶ್ನೆಗೆ ಕೂಗಾಟಕ್ಕಿಂತ ಒಳ್ಳೆಯ ಉತ್ತರ ಸಿಗುತ್ತದೆ. ಆ ಉತ್ತರ ಬೆಳೆಗಾರರ ಪರವಾಗಿಯೇ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಒತ್ತುವರಿಯನ್ನೂ ಅದೇ ಹಾಳೆಗಳು ತೋರಿಸುತ್ತವೆ.

ನೀರಿನ ಮಾತೂ ಹಾಗೆಯೇ. ಬಿಸಿಲೆಯ ದಿಣ್ಣೆಯ ಒಂದು ಮಗ್ಗುಲಿಗೆ ಬಿದ್ದ ಮಳೆ ಹೇಮಾವತಿ ಸೇರಿ ಕಾವೇರಿಯಾಗುತ್ತದೆ, ಇನ್ನೊಂದು ಮಗ್ಗುಲಿನದು ಕುಮಾರಧಾರೆ ಸೇರಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಹೀಗೆ ಪಶ್ಚಿಮಕ್ಕೆ ಹರಿಯುವ ನೀರನ್ನು ಪೂರ್ವಕ್ಕೆ ತಿರುಗಿಸುವ ಎತ್ತಿನಹೊಳೆ ಯೋಜನೆ 24.01 ಟಿಎಂಸಿ ನೀರಿನ ಲೆಕ್ಕದ ಮೇಲೆ ನಿಂತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರ ಅಂದಾಜು 9.55. ಜಲಾನಯನದ ವಿಸ್ತೀರ್ಣ ಎಷ್ಟು, ಮಳೆ ಎಷ್ಟು, ಕಾಡು ಎಷ್ಟು ಹೀರುತ್ತದೆ ಎಂಬುದರ ಮೇಲೆ ನಿಂತ ವ್ಯತ್ಯಾಸ ಇದು. ಹಾಸನದ ವಿದ್ಯಾರ್ಥಿಯೊಬ್ಬಳು ತನ್ನ ಜಿಲ್ಲೆಯ ಹಾಳೆಯ ಮೇಲೆ ಆ ಜಲಾನಯನವನ್ನು ತಾನೇ ಗೆರೆ ಎಳೆದು ಅಳೆಯುವಂತಿರಬೇಡವೆ? ಅಮೆರಿಕದ ಸೇನೆ 1950ರ ದಶಕದಲ್ಲಿ ಮಾಡಿದ ಭಾರತದ ನಕ್ಷೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಸ್ಕ್ಯಾನ್ ಮಾಡಿ ಲೋಕಕ್ಕೆಲ್ಲ ಬಿಟ್ಟುಕೊಟ್ಟಿದೆ. ನಮ್ಮ ಎಷ್ಟೋ ಸಂಶೋಧಕರು ಅಲ್ಲಿಂದಲೇ ತಮ್ಮ ಊರಿನ ಹಾಳೆ ಇಳಿಸಿಕೊಳ್ಳುತ್ತಾರೆ. ಅವರ ಔದಾರ್ಯಕ್ಕೆ ಕೃತಜ್ಞತೆ ಸಲ್ಲಲಿ. ಹತ್ತಿರದಲ್ಲಿ ಸಿಗಬೇಕಾದದ್ದಕ್ಕೆ ಅಷ್ಟು ದೂರ ಕೈಚಾಚಬೇಕಾದದ್ದು ನನಗೆ ನೋವಿನ ಸಂಗತಿ.

ಒಂದು ಎಚ್ಚರಿಕೆ. ಗ್ರಂಥಾಲಯದ ಪ್ರತಿ ಕೋರ್ಟಿಗೆ ಸಾಕ್ಷ್ಯವಾಗುವುದಿಲ್ಲ. ಅದಕ್ಕೆ ಭೂಮಾಪನ ಇಲಾಖೆಯ ದೃಢೀಕೃತ ನಕಲೇ ಬೇಕು. ಇದನ್ನು ಬಾಗಿಲಲ್ಲೇ ಬರೆದು ಹಾಕದಿದ್ದರೆ ಓದುವ ಕೋಣೆ ಪೋಡಿ, ಹದ್ದುಬಸ್ತಿನ ಜಗಳದ ಕಟ್ಟೆಯಾದೀತು.

ಆದ್ದರಿಂದ ನನ್ನ ತೀರ್ಮಾನಕ್ಕೆ ಮಿತಿಯಿದೆ. ಲೋಕದ ನಕ್ಷೆಗಳನ್ನೆಲ್ಲ ಕೂಡಿಹಾಕುವುದು ಬೇಡ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಹಾಳೆಯನ್ನು ಕೊಳ್ಳುವುದೂ ಬೇಡ, ಇಳಿಸಿಕೊಂಡು ದಿನಾಂಕ ಬರೆದು ಉಳಿಸಿಕೊಂಡರೆ ಸಾಕು. ಬೇಕಾದದ್ದು ಹಾಸನ ಜಿಲ್ಲೆಯ ಸಂಗ್ರಹ: ಗ್ರಾಮ ನಕಾಶೆಗಳ ಸ್ಕ್ಯಾನ್ ಪ್ರತಿಗಳು, ಟೋಪೋಶೀಟುಗಳ ಹಳೆಯ ಆವೃತ್ತಿಗಳು, ನೀರಾವರಿ ಮತ್ತು ಘಾಟಿ ರಸ್ತೆ ಯೋಜನೆಗಳ ನಕ್ಷೆಗಳು. ಮೊದಲು ಒಬ್ಬ ತರಬೇತಾದ ಸಿಬ್ಬಂದಿ, ಆಮೇಲೆ ಸ್ಕ್ಯಾನರ್, ಡ್ರಾಯರುಗಳು ಕಡೆಗೆ. ಈ ಅನುಕ್ರಮ ತಪ್ಪಿದರೆ ಬೇಡ ಎನ್ನುವವರ ಮಾತೇ ನಿಜವಾಗುತ್ತದೆ. ವಿಶ್ವವಿದ್ಯಾಲಯ ಮುಂದೆ ಯಾವುದರಲ್ಲಿ ವಿಲೀನವಾದರೂ ಸಂಗ್ರಹ ಹಾಸನ ಬಿಟ್ಟು ಹೋಗಕೂಡದು ಎಂಬ ಷರತ್ತನ್ನು ಮೊದಲ ದಿನವೇ ಬರೆದಿಡಬೇಕು.

ವನಗೂರು, ಹೆತ್ತೂರು, ಯಸಳೂರು ಕಡೆಯ ತೋಟದ ಮನೆಗಳಲ್ಲಿ ಬಟ್ಟೆಗೆ ಅಂಟಿಸಿದ ಹಳೆಯ ಎಸ್ಟೇಟ್ ನಕ್ಷೆ ಇದ್ದರೆ, ದಯವಿಟ್ಟು ಅಟ್ಟ ಗುಡಿಸುವಾಗ ಬಿಸಾಡಬೇಡಿ. ಮೂಲ ನಿಮ್ಮಲ್ಲೇ ಇರಲಿ. ಸ್ಕ್ಯಾನ್ ಮಾಡಲು ಒಂದು ದಿನದ ಮಟ್ಟಿಗೆ ಕೊಡಿ. ಅಷ್ಟು ಕೊಟ್ಟರೂ ಬೇರೆಲ್ಲೂ ಸಿಗದ ಹಾಳೆಯೊಂದು ಜಿಲ್ಲೆಗೆ ಉಳಿಯುತ್ತದೆ.